ಬಿಸಿಲಿಗೆ ಮುನಿಯುವ ಸೆಲ್ಫ್ ಮೋಟಾರು

ವಾಹನ ವಿಚಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಕಾರುಗಳ ಬಗ್ಗೆ ಬಂದ ಪತ್ರಗಳಲ್ಲಿ, ಗಾಳಿಯಿಂದ ತಣಿಯುವ ಎಂಜಿನ್ನಿನ ಕಾರುಗಳಿಗೆ, ಅಂದರೆ ನಮ್ಮ ಕಡೆ ಬಹುಮಟ್ಟಿಗೆ ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಸಂಬಂಧಿಸಿದವನ್ನು ಈ ತಿಂಗಳು ಒಂದೆಡೆ ಆಯ್ದುಕೊಂಡಿದ್ದೇನೆ. ಹೆಚ್ಚುಕಡಿಮೆ ಎಲ್ಲವೂ ಸ್ಟಾರ್ಟರಿನ, ಅಂದರೆ ಕೀ ತಿರುಗಿಸಿದಾಗ ಎಂಜಿನ್ ಎಬ್ಬಿಸುವ ಸೆಲ್ಫ್ ಮೋಟಾರಿನ ದೂರುಗಳೇ. ಪತ್ರ ಬರೆದವರಲ್ಲಿ ಹಲವರು ಈಗಾಗಲೇ ಒಮ್ಮೆಯಾದರೂ ಸ್ಟಾರ್ಟರ್ ಬಿಚ್ಚಿಸಿ, ಕಾರ್ಬನ್ ಬದಲಿಸಿ, ರಿವೈಂಡಿಂಗ್ ಮಾಡಿಸಿ, ಹಣ ಕೊಟ್ಟು, ಮತ್ತೆ ಅದೇ ತೊಂದರೆಯೊಂದಿಗೆ ಮನೆಗೆ ಬಂದವರು. ಬಿಚ್ಚುವುದಕ್ಕೆ ಮೊದಲು ಅಳೆಯಬೇಕಿತ್ತು ಎಂಬ ಮಾತನ್ನು ಅವರಿಗೆ ಹೇಳುವ ಮುನ್ನ ನನಗೇ ಹೇಳಿಕೊಳ್ಳಬೇಕಾಗಿದೆ. ಆ ಕಥೆ ಮೊದಲ ಉತ್ತರದಲ್ಲಿದೆ.

ಪ್ರಶ್ನೆ: ನನ್ನ ಬಳಿ 1969ರ ಬೀಟಲ್ ಇದೆ, 12 ವೋಲ್ಟಿನದು. ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಎಂಜಿನ್ ಏಳುತ್ತದೆ. ಜೇವರ್ಗಿಗೆ ಹೋಗಿ ಅಲ್ಲಿ ಕಾಲು ಗಂಟೆ ನಿಲ್ಲಿಸಿ ಮತ್ತೆ ಕೀ ತಿರುಗಿಸಿದರೆ ಹಿಂದಿನಿಂದ ‘ಟಕ್’ ಎಂಬ ಒಂದೇ ಸದ್ದು ಬರುತ್ತದೆ, ಸೆಲ್ಫ್ ಎತ್ತುವುದಿಲ್ಲ. ಒಂದು ಗಂಟೆ ಕಾದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಏಳುತ್ತದೆ. ಬ್ಯಾಟರಿ ಹೊಸದು. ಸ್ಟಾರ್ಟರನ್ನು ಎರಡು ಸಲ ರಿಪೇರಿ ಮಾಡಿಸಿದ್ದೇನೆ. ಇನ್ನೊಂದು ಸ್ಟಾರ್ಟರ್ ತರಿಸಲೇ?
– ಓದುಗರು, ಬ್ರಹ್ಮಪುರ, ಕಲಬುರಗಿ

ಉತ್ತರ: ಸದ್ಯಕ್ಕೆ ತರಿಸಬೇಡಿ. ತಣ್ಣಗಿದ್ದಾಗ ದುಡಿದು, ಬಿಸಿಯಾದಾಗ ನಿಂತು, ತಣಿದ ಮೇಲೆ ಯಾರೂ ಮುಟ್ಟದೆಯೇ ಸರಿಹೋಗುವ ಸ್ಟಾರ್ಟರಿಗೆ ಸಾಮಾನ್ಯವಾಗಿ ತಲುಪಬೇಕಾದಷ್ಟು ವಿದ್ಯುತ್ತು ತಲುಪುತ್ತಿರುವುದಿಲ್ಲ.

ಅದು ಕುಳಿತಿರುವ ಜಾಗವನ್ನು ಮೊದಲು ನೋಡಿ. ಹಿಂದಿನ ಬಲಗಾಲಿಯ ಪಕ್ಕದಿಂದ ಕಾರಿನಡಿ ಮಲಗಿದರೆ ಗೇರ್‌ಬಾಕ್ಸಿನ ಬಲಗಡೆ, ಎಂಜಿನ್ನಿಗೆ ಒತ್ತಿಕೊಂಡಂತೆ ಸ್ಟಾರ್ಟರ್ ಕಾಣುತ್ತದೆ. ಅದರ ಹೆಗಲ ಮೇಲೆ, ಕೀ ತಿರುಗಿಸಿದಾಗ ಎಳೆದು ಸ್ಟಾರ್ಟರಿಗೆ ವಿದ್ಯುತ್ತು ಹಾಯಿಸುವ ಸುರುಳಿ ಸ್ವಿಚ್ಚಾದ ಸೊಲೆನಾಯ್ಡ್, ಸ್ವಲ್ಪವೇ ಹಿಂದೆ ಸೈಲೆನ್ಸರಿಗೆ ಹೋಗುವ ಹೊಗೆಯ ಬಿಸಿಯನ್ನು ಹೊತ್ತ ಹೀಟ್ ಎಕ್ಸ್‌ಚೇಂಜರ್. ಕಾರು ಓಡುವಾಗ ಡೈನಮೊ ತುದಿಯಲ್ಲಿರುವ ಫ್ಯಾನು ಸಿಲಿಂಡರುಗಳ ಮೇಲೆ ಗಾಳಿ ಸುರಿಯುತ್ತಲೇ ಇರುತ್ತದೆ. ಎಂಜಿನ್ ನಿಂತ ಕ್ಷಣ ಫ್ಯಾನೂ ನಿಲ್ಲುತ್ತದೆ. ಆದರೆ ಲೋಹದಲ್ಲಿ ತುಂಬಿಕೊಂಡ ಬಿಸಿಯನ್ನು ಹೊತ್ತೊಯ್ಯಲು ನೀರೂ ಇಲ್ಲ, ರೇಡಿಯೇಟರೂ ಇಲ್ಲದ ಕಾರಣ ಅದು ನಿಧಾನವಾಗಿ ಅಕ್ಕಪಕ್ಕಕ್ಕೆ ಹರಡುತ್ತಾ ಸ್ಟಾರ್ಟರನ್ನೂ ಸೊಲೆನಾಯ್ಡನ್ನೂ ಬೇಯಿಸುತ್ತದೆ. ಹೀಗಾಗಿ ಕಾರು ನಿಲ್ಲಿಸಿದ ಮೊದಲ ಹತ್ತಿಪ್ಪತ್ತು ನಿಮಿಷ ಆ ಜಾಗ ಓಡುವಾಗ ಇದ್ದುದಕ್ಕಿಂತ ಹೆಚ್ಚು ಬಿಸಿಯಾಗಿರುತ್ತದೆ. ನೀವು ಜೇವರ್ಗಿಯಲ್ಲಿ ಚಹಾ ಕುಡಿದು ಬರುವುದು ಸರಿಯಾಗಿ ಆ ಹೊತ್ತಿಗೆ. ಅದಕ್ಕೆ ನಮ್ಮ ಮೇ ತಿಂಗಳ 42 ಡಿಗ್ರಿ ಬಿಸಿಲು ಸೇರಿತೆಂದರೆ ಕೇಳುವುದೇ ಬೇಡ.

ತಾಮ್ರದ ತಂತಿ ಬಿಸಿಯಾದಷ್ಟೂ ವಿದ್ಯುತ್ತಿಗೆ ಹೆಚ್ಚು ತಡೆಯೊಡ್ಡುತ್ತದೆ: ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡಾದಂತೆ, 70 ಡಿಗ್ರಿ ಏರಿದರೆ ಸುಮಾರು 27 ಶೇಕಡಾ. ಸೊಲೆನಾಯ್ಡಿನೊಳಗಿನ ಸುರುಳಿ ಅದಕ್ಕೆ ತಕ್ಕಂತೆ ಬಲ ಕಳೆದುಕೊಳ್ಳುತ್ತದೆ. ಅಷ್ಟನ್ನು ತಾಳಿಕೊಳ್ಳುವಂತೆಯೇ ಅದನ್ನು ಮಾಡಿರುತ್ತಾರೆ, ಹೊಸ ಕಾರಿನಲ್ಲಿ ಈ ತೊಂದರೆ ಇರಲಿಲ್ಲ. ಐವತ್ತು ವರ್ಷದ ಕಾರಿನಲ್ಲಿ ಆ ಸುರುಳಿಗೆ ಬರುವ ದಾರಿಯೇ ಸವೆದಿರುತ್ತದೆ, ತೊಡಕು ಅಲ್ಲಿಯದು. ಬೀಟಲಿನ ಬ್ಯಾಟರಿ ಹಿಂದಿನ ಸೀಟಿನ ಕೆಳಗಿದೆ, ಸ್ಟಾರ್ಟರ್ ಅದಕ್ಕೆ ತೀರ ಹತ್ತಿರವಿದೆ. ಆದರೆ ಸೊಲೆನಾಯ್ಡಿಗೆ ‘ಎಳೆ’ ಎಂದು ಹೇಳುವ ವಿದ್ಯುತ್ತು ಹಿಂದಿನಿಂದ ಮುಂದಕ್ಕೆ ಹೋಗಿ, ಡ್ಯಾಶ್‌ಬೋರ್ಡಿನಡಿಯ ಜೋಡಣೆಗಳನ್ನು ದಾಟಿ, ಕೀ ಸ್ವಿಚ್ಚಿನ ಸವೆದ ಪತ್ತಿಗಳನ್ನು ಹಾದು, ಮತ್ತೆ ಇಡೀ ಕಾರಿನುದ್ದಕ್ಕೂ ಹಿಂದಕ್ಕೆ ಬರಬೇಕು. ಎಳೆಯುವ ಕ್ಷಣದಲ್ಲಿ ಆ ಸುರುಳಿಗೆ 30 ಆಂಪಿಯರಿಗೂ ಹೆಚ್ಚು ಬೇಕಾಗುತ್ತದೆ. ಈ ಉದ್ದದ ದಾರಿಯಲ್ಲಿ ಒಟ್ಟು ಒಂದು ಓಮಿನ ಹತ್ತನೆಯ ಒಂದು ಪಾಲು ತಡೆ ಸೇರಿಕೊಂಡರೂ 3 ವೋಲ್ಟು ದಾರಿಯಲ್ಲೇ ಸೋರುತ್ತದೆ. ತಣ್ಣಗಿನ ಸೊಲೆನಾಯ್ಡ್ ಉಳಿದ 9 ವೋಲ್ಟಿನಲ್ಲಿ ಹೇಗೋ ಎಳೆಯುತ್ತದೆ, ಬಿಸಿಯಾದದ್ದು ಅರ್ಧ ಎಳೆದು ‘ಟಕ್’ ಎಂದು ಕೈಚೆಲ್ಲುತ್ತದೆ.

ಇದನ್ನು ಊಹಿಸಿ ಒಪ್ಪಿಕೊಳ್ಳಬೇಕಾಗಿಲ್ಲ, ಸಾಧಾರಣ ಮಲ್ಟಿಮೀಟರ್ ಸಾಕು. ಕಾರು ಕೈಕೊಟ್ಟ ಹೊತ್ತಿಗೇ ಅಳೆಯಬೇಕೆಂಬುದು ಮುಖ್ಯ. ಮನೆಯಲ್ಲಿ ತಣ್ಣಗೆ ನಿಂತಾಗ ಅಳೆದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಒಬ್ಬರು ಕೀ ತಿರುಗಿಸಿ ಹಿಡಿಯಲಿ. ಮೊದಲು ಬ್ಯಾಟರಿಯ ಎರಡು ಕಂಬಗಳ ನಡುವೆ ನೋಡಿ: ಸುಮ್ಮನಿದ್ದಾಗ 12.6 ವೋಲ್ಟ್ ಇದ್ದು, ಸೆಲ್ಫ್ ಹೊಡೆಯುವಾಗ 10ರ ಆಸುಪಾಸಿಗಿಂತ ಕೆಳಗಿಳಿಯದಿದ್ದರೆ ಬ್ಯಾಟರಿ ನಿರಪರಾಧಿ. ಕ್ಲ್ಯಾಂಪನ್ನು ಮುಟ್ಟದೆ ಸೀಸದ ಕಂಬವನ್ನೇ ಮೀಟರಿನ ಮೊನೆಯಿಂದ ಚುಚ್ಚಬೇಕು, ಏಕೆಂದರೆ ಬಿಳಿ ಬೂಷ್ಟು ಕಟ್ಟಿದ ಕಂಬಕ್ಕೂ ಕ್ಲ್ಯಾಂಪಿಗೂ ನಡುವೆಯೇ ಒಂದೆರಡು ವೋಲ್ಟು ಕಾಣೆಯಾಗುವುದುಂಟು. ಎರಡನೆಯದಾಗಿ ಕೀಯಿಂದ ಸೊಲೆನಾಯ್ಡಿಗೆ ಬರುವ 50ನೇ ನಂಬರಿನ ತೆಳು ತಂತಿಗೂ ಸ್ಟಾರ್ಟರಿನ ಮೈಗೂ ನಡುವೆ ನೋಡಿ. ಕೀ ತಿರುಗಿಸಿ ಹಿಡಿದಾಗ ಅಲ್ಲಿ 9 ವೋಲ್ಟಿಗಿಂತ ಕಡಿಮೆ ಬಂದರೆ ದೋಷ ಕೀಯಿಂದ ಬರುವ ದಾರಿಯದು. ಅಲ್ಲಿ 10.5ಕ್ಕೂ ಮೇಲಿದ್ದು ಬರೀ ಟಕ್ ಎಂದರೆ ಮಾತ್ರ ಸೊಲೆನಾಯ್ಡಿನೊಳಗಿನ ಸುಟ್ಟ ಕಾಂಟ್ಯಾಕ್ಟ್, ಸವೆದ ಕಾರ್ಬನ್, ಬಿಗಿದು ಸಿಕ್ಕಿಕೊಂಡ ಬುಷ್ (ಶಾಫ್ಟು ತಿರುಗುವ ಲೋಹದ ಬಳೆ) ಇವುಗಳ ಮೇಲೆ ಸಂಶಯ ಪಡಬೇಕು. ಮೂರನೆಯದು ಹೆಚ್ಚಿನವರು ಮಾಡದ ಪರೀಕ್ಷೆ: ಮೀಟರಿನ ಒಂದು ಮೊನೆ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ. ಸೆಲ್ಫ್ ಹೊಡೆಯುವಾಗ ಇಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ತೋರಬಾರದು.

ಈ ಮೂರನೆಯದನ್ನು ನಾನು ಕಲಿತದ್ದು ಹಣ ತೆತ್ತು. ಕೆಲವು ವರ್ಷಗಳ ಹಿಂದೆ ಶರಣಬಸವೇಶ್ವರ ಜಾತ್ರೆಯ ದಿನ ಅಪ್ಪನ ಕೆರೆಯ ದಂಡೆಯಲ್ಲಿ ನನ್ನ ಬೀಟಲ್ ನಿಂತುಬಿಟ್ಟಿತು. ಜಾತ್ರೆಗೆ ಬಂದ ಹುಡುಗರು ತಳ್ಳಿದರು, ಹೊರಟಿತು. ಅದಕ್ಕೂ ಮೊದಲೇ ನಗರದ ಒಂದು ಅಂಗಡಿಯಲ್ಲಿ ಸ್ಟಾರ್ಟರನ್ನು ಒಮ್ಮೆ ರಿಪೇರಿ ಮಾಡಿಸಿದ್ದೆ, ಆ ವಾರ ಇನ್ನೊಂದನ್ನೇ ಕೊಂಡು ಕೂರಿಸಿದೆ. ಆರ್ಮೇಚರ್, ಅಂದರೆ ಒಳಗೆ ತಿರುಗುವ ಸುರುಳಿ, ಸುಟ್ಟಿದೆ ಎಂದು ಅಲ್ಲಿಯ ಮಿಸ್ತ್ರಿ ಹೇಳಿದ್ದನ್ನು ನೋಡದೆಯೇ ನಂಬಿದ್ದೆ. ಹೊಸದೂ ಟಕ್ ಎಂದಿತು. ಆಗ ಗಮನಕ್ಕೆ ಬಂದದ್ದು ಬೇರೆಯೇ ಸಂಗತಿ: ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲೆ ಎಕ್ಸಲರೇಟರ್ ಪೆಡಲು ಬಿಗಿಯಾಗಿತ್ತು, ಹಿಂದೆ ಹೋಗಿ ಅದರ ಕೇಬಲ್ಲನ್ನು ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಬೀಟಲಿನ ಎಂಜಿನ್ನೂ ಗೇರ್‌ಬಾಕ್ಸೂ ರಬ್ಬರ್ ಮೌಂಟಿಂಗುಗಳ ಮೇಲೆ ಕುಳಿತಿವೆ. ಅವುಗಳಿಂದ ಚಾಸಿಗೆ ಅರ್ಥ್ ಕೊಡುವುದು ಗೇರ್‌ಬಾಕ್ಸಿನ ಮೂತಿಯ ಬಳಿ ಇರುವ, ಜಡೆ ಹೆಣೆದಂಥ ಒಂದೇ ಒಂದು ಪಟ್ಟಿ. ನನ್ನ ಕಾರಿನಲ್ಲಿ ಅದು ಎರೆಮಣ್ಣಿನ ಗಟ್ಟಿ ಪದರದ ಕೆಳಗೆ ಹಸಿರುಗಟ್ಟಿ, ಕೊನೆಗೆ ಮೂರೇ ಎಳೆಗಳಲ್ಲಿ ನೇತಾಡುತ್ತಿತ್ತು. ದಾರಿ ಸಿಗದ ವಿದ್ಯುತ್ತು ಎಕ್ಸಲರೇಟರ್ ಕೇಬಲ್ಲನ್ನೂ ಕ್ಲಚ್ ಕೇಬಲ್ಲನ್ನೂ ದಾರಿಯಾಗಿ ಮಾಡಿಕೊಂಡಿತ್ತು. ಹೊಸ ಪಟ್ಟಿಗೆ ಆದ ಖರ್ಚು ಎರಡನೇ ಸ್ಟಾರ್ಟರಿಗೆ ಆದದ್ದರ ಹತ್ತಿರಕ್ಕೂ ಬರುವುದಿಲ್ಲ. ಬಿಚ್ಚಿಟ್ಟ ಹಳೆಯ ಸ್ಟಾರ್ಟರನ್ನು ಬೆಂಚಿನ ಮೇಲಿಟ್ಟು ಬ್ಯಾಟರಿಗೆ ತಾಗಿಸಿದರೆ ಜಿಗಿಯುವಷ್ಟು ರಭಸದಿಂದ ತಿರುಗಿತು. ಅದು ಇಂದಿಗೂ ನನ್ನ ಕಪಾಟಿನಲ್ಲಿದೆ.

ಆದ್ದರಿಂದ ನೀವು ಮೊದಲು ಆ ಪಟ್ಟಿಯನ್ನು ಬಿಚ್ಚಿ, ಅದರ ಎರಡೂ ತುದಿ ಕೂರುವ ಜಾಗವನ್ನು ಉಜ್ಜುಕಾಗದದಿಂದ ಲೋಹ ಮಿನುಗುವವರೆಗೆ ಉಜ್ಜಿ, ಪಟ್ಟಿ ಹಳತಾಗಿದ್ದರೆ ಹೊಸದು ಹಾಕಿ. ಬ್ಯಾಟರಿಯ ಕಂಬಗಳನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಕ್ಲ್ಯಾಂಪ್ ಬಿಗಿದ ಮೇಲೆ ವ್ಯಾಸಲೀನ್ ಸವರಿ. ದಪ್ಪ ಕೇಬಲ್ಲಿನ ತುದಿಗೆ ಒತ್ತಿದ ಲೋಹದ ಕೊಳವೆ, ಅಂದರೆ ತಿಂಬಲ್ ಒಳಗೆ ತಂತಿ ಕಪ್ಪಾಗಿದ್ದರೆ ಕತ್ತರಿಸಿ ಹೊಸದಾಗಿ ಒತ್ತಿಸಿ. ಇಷ್ಟಾದ ಮೇಲೂ 50ನೇ ತಂತಿಯಲ್ಲಿ ವೋಲ್ಟು ಕಡಿಮೆಯೇ ಬಂದರೆ ರಿಲೇ, ಅಂದರೆ ಚಿಕ್ಕ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹಾಯಿಸುವ ಸ್ವಿಚ್, ಹಾಕಿಸಬಹುದು. ಹೆಡ್‌ಲೈಟಿಗೆ ಬಳಸುವ ನಾಲ್ಕು ಕಾಲಿನ, 40 ಆಂಪಿಯರಿನ ಸಾಮಾನ್ಯ ರಿಲೇಯೇ ಸಾಕು. ಕೀಯಿಂದ ಬರುವ ಹಳೆಯ ತಂತಿಯನ್ನು ರಿಲೇಯ 86ನೇ ನಂಬರಿನ ಕಾಲಿಗೆ, 85ನ್ನು ಅರ್ಥಿಗೆ, ಸ್ಟಾರ್ಟರಿಗೆ ಬರುವ ಬ್ಯಾಟರಿಯ ದಪ್ಪ ಕೇಬಲ್ಲಿನ ಬೋಲ್ಟಿನಿಂದ ಫ್ಯೂಸಿನ ಮೂಲಕ 30ಕ್ಕೆ, 87ನ್ನು ಸೊಲೆನಾಯ್ಡಿನ 50ಕ್ಕೆ ಸೇರಿಸಬೇಕು. 30 ಮತ್ತು 87ರ ತಂತಿ 4 ಚದರ ಮಿಲಿಮೀಟರಿಗಿಂತ ತೆಳ್ಳಗಿರಬಾರದು. ಆಗ ಕೀ ಸ್ವಿಚ್ಚಿನಲ್ಲಿ ಹರಿಯುವುದು ಒಂದು ಆಂಪಿಯರಿಗಿಂತ ಎಷ್ಟೋ ಕಡಿಮೆ, ಸೊಲೆನಾಯ್ಡಿಗೆ ಬೇಕಾದ ಭಾರಿ ವಿದ್ಯುತ್ತು ಗೇಣುದ್ದದ ದಾರಿಯಲ್ಲಿ ಸಿಗುತ್ತದೆ. ರಿಲೇಯನ್ನು ಎಂಜಿನ್ನಿನ ಮೇಲೆ ಕೂರಿಸದೆ ಬ್ಯಾಟರಿಯ ಪಕ್ಕದಲ್ಲಿ, ಸೀಟಿನಡಿ ಇಡಿಸಿ. ಆದರೆ ಅರ್ಥ್ ಪಟ್ಟಿ ನೋಡದೆ ನೇರವಾಗಿ ರಿಲೇ ಹಾಕುವವರ ಮೇಲೆ ನನಗೆ ವಿಶ್ವಾಸವಿಲ್ಲ. ಅದು ಕುಂಟನಿಗೆ ಬೂಟು ಹೊಲಿಸಿದ ಹಾಗೆ.

ಸೀಟಿನ ಮಾತು ಬಂದದ್ದಕ್ಕೆ ಇನ್ನೊಂದು. ಬ್ಯಾಟರಿಯ ಮೇಲೆ ಮುಚ್ಚಳವಿಲ್ಲದ ಬೀಟಲುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಿಂದಿನ ಸೀಟಿನಲ್ಲಿ ದಪ್ಪನೆಯವರೊಬ್ಬರು ಕುಳಿತರೆ ಸೀಟಿನ ಸ್ಪ್ರಿಂಗು ತಗ್ಗಿ ಎರಡೂ ಕಂಬಗಳಿಗೆ ತಾಗುತ್ತದೆ, ಸೀಟಿನ ನಾರಿಗೆ ಬೆಂಕಿ ಹತ್ತುತ್ತದೆ. ಹಳೆಯ ಟ್ಯೂಬಿನ ರಬ್ಬರನ್ನಾದರೂ ಕತ್ತರಿಸಿ ಹೊದಿಸಿ.

ಪ್ರಶ್ನೆ: ನಮ್ಮ ಬೀಟಲಿನ ಸ್ಟಾರ್ಟರಿಗೆ ಹೊಸ ಕಾರ್ಬನ್ ಹಾಕಿಸಿ, ಆರ್ಮೇಚರನ್ನು ಲೇಥಿನಲ್ಲಿ ಸವರಿಸಿ ತಂದೆವು. ಬೆಂಚಿನ ಮೇಲೆ ಚೆನ್ನಾಗಿ ತಿರುಗುತ್ತದೆ, ಕಾರಿಗೆ ಕೂರಿಸಿದರೆ ನರಳುತ್ತಾ ನಿಧಾನವಾಗಿ ತಿರುಗಿಸುತ್ತದೆ, ಕೇಬಲ್ ಬಿಸಿಯಾಗುತ್ತದೆ. ನೀವು ಹೇಳುವ ಅರ್ಥಿಂಗ್ ಎಲ್ಲ ನೋಡಿದ್ದೇವೆ.
– ಓದುಗರು, ಸೇಡಂ

ಉತ್ತರ: ಬೆಂಚಿನ ಮೇಲೆ ಒಳ್ಳೆಯದಾಗಿ ಕಾರಿನಲ್ಲಿ ಕೆಟ್ಟದಾಗುವ ಸ್ಟಾರ್ಟರಿನ ಗುಟ್ಟು ಗೇರ್‌ಬಾಕ್ಸಿನಲ್ಲಿದೆ. ಬೇರೆ ಕಾರುಗಳಲ್ಲಿ ಸಾಮಾನ್ಯವಾಗಿ ಸ್ಟಾರ್ಟರಿನ ಎರಡು ಬುಷ್‌ಗಳೂ ಅದರ ಮೈಯಲ್ಲೇ ಇರುತ್ತವೆ. ಸಾಧಾರಣ ಗೇರಿನ ಬೀಟಲಿನಲ್ಲಿ ಹಾಗಲ್ಲ: ಶಾಫ್ಟಿನ ಮುಂದಿನ ತುದಿಗೆ ಆಸರೆ ಕೊಡುವ ಕಂಚಿನ ಚಿಕ್ಕ ಬುಷ್ ಗೇರ್‌ಬಾಕ್ಸಿನ ಗಂಟೆಯಾಕಾರದ ಗೂಡಿನೊಳಗೆ ಇದೆ. ಸ್ಟಾರ್ಟರ್ ಬಿಚ್ಚಿ ಅಂಗಡಿಗೆ ಒಯ್ದಾಗ ಈ ಬುಷ್ ಕಾರಿನಲ್ಲೇ ಉಳಿಯುತ್ತದೆ, ಅಂಗಡಿಯವರು ಅದನ್ನು ನೋಡುವ ಪ್ರಸಂಗವೇ ಬರುವುದಿಲ್ಲ. ಅದು ಸವೆದು ಅಗಲವಾಗಿದ್ದರೆ, ಸ್ಟಾರ್ಟರಿನ ಚಿಕ್ಕ ಹಲ್ಲುಗಾಲಿಯಾದ ಪಿನಿಯನ್ ಎಂಜಿನ್ನಿನ ದೊಡ್ಡ ಹಲ್ಲುಗಾಲಿಯಾದ ಫ್ಲೈವೀಲಿಗೆ ಕಚ್ಚಿದ ಕ್ಷಣ ಶಾಫ್ಟು ಓರೆಯಾಗಿ, ಆರ್ಮೇಚರು ಸುತ್ತಲಿನ ತಿರುಗದ ಕಬ್ಬಿಣಕ್ಕೆ, ಅಂದರೆ ಫೀಲ್ಡಿಗೆ ಉಜ್ಜುತ್ತದೆ. ನರಳುವ ಸದ್ದು ಅದರದೇ, ಕೇಬಲ್ ಬಿಸಿಯಾಗುವುದೂ ಅದರಿಂದಲೇ. ಸ್ಟಾರ್ಟರನ್ನು ಮತ್ತೊಮ್ಮೆ ಬಿಚ್ಚಿ ಆರ್ಮೇಚರಿನ ಮೈ ನೋಡಿ; ಒಂದು ಕಡೆ ಉಜ್ಜಿ ಹೊಳೆಯುವ ಪಟ್ಟೆ ಬಿದ್ದಿದ್ದರೆ ಬೇರೆ ಸಾಕ್ಷಿ ಬೇಡ.

ಹಳೆಯ ಬುಷ್‌ನ ಒಳಗೆ ಟ್ಯಾಪಿನಿಂದ ತಿರುಪಿನ ಸುತ್ತು ಕೊರೆದು, ಬೋಲ್ಟು ಹಾಕಿ ಎಳೆದು ತೆಗೆಯುವುದು ರೂಢಿ. ಹೊಸದು ರಂಧ್ರಗಳುಳ್ಳ, ಎಣ್ಣೆ ಹೀರುವ ಕಂಚಿನದಾಗಿರಬೇಕು. ಅದನ್ನು ಹಿಂದಿನ ರಾತ್ರಿ ಶುದ್ಧ ಎಂಜಿನ್ ಆಯಿಲಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಕೂರಿಸಿ. ನಮ್ಮ ಲೇಥಿನವರು ಹಿತ್ತಾಳೆಯ ಸರಳಿನಿಂದ ಅರ್ಧ ಗಂಟೆಯಲ್ಲಿ ಬುಷ್ ಮಾಡಿಕೊಡುತ್ತಾರೆ, ಕೆಲಸ ನಡೆಯುತ್ತದೆ. ಆದರೆ ಹಿತ್ತಾಳೆ ಎಣ್ಣೆ ಹಿಡಿದಿಟ್ಟುಕೊಳ್ಳುವುದಿಲ್ಲ, ಮೇಲಾಗಿ ಅಲ್ಲಿಗೆ ಗ್ರೀಸ್ ಹಾಕಲು ಪ್ರತಿ ಸಲ ಸ್ಟಾರ್ಟರ್ ಬಿಚ್ಚಬೇಕು. ಕೊಳ್ಳುವಾಗ 6 ವೋಲ್ಟಿನ ಸ್ಟಾರ್ಟರಿನ ಶಾಫ್ಟೂ 12 ವೋಲ್ಟಿನದೂ ಒಂದೇ ದಪ್ಪವಲ್ಲ ಎಂಬುದು ನೆನಪಿರಲಿ. ಗೇರ್‌ಬಾಕ್ಸ್ 6 ವೋಲ್ಟಿನ ಕಾಲದ್ದಾಗಿ ಸ್ಟಾರ್ಟರ್ 12ರದ್ದಾಗಿದ್ದರೆ ಅದಕ್ಕೆಂದೇ ಸಿಗುವ ಬದಲಿ ಬುಷ್ ಬೇಕು. ಯಾರೋ ಹಿಂದೆ ಬುಷ್ ಇಲ್ಲದೆಯೇ ಸ್ಟಾರ್ಟರ್ ಕೂರಿಸಿದ್ದ ಕಾರನ್ನೂ ನಾನು ಕಂಡಿದ್ದೇನೆ.

ಇದಾವುದೂ ಬೇಡವೆನ್ನುವವರಿಗೆ, ಕ್ಲಚ್ ಪೆಡಲ್ ಇಲ್ಲದ ಆಟೊಮ್ಯಾಟಿಕ್ ಸ್ಟಿಕ್‌ಶಿಫ್ಟ್ ಬೀಟಲಿನ 12 ವೋಲ್ಟ್ ಸ್ಟಾರ್ಟರ್ ಒಂದು ದಾರಿ. ಅದರ ಮೂತಿಯಲ್ಲೇ ಬುಷ್ ಇದೆ, ಗೇರ್‌ಬಾಕ್ಸಿನ ಬುಷ್ ಬೇಕಾಗುವುದಿಲ್ಲ.

ಪ್ರಶ್ನೆ: ತಂದೆಯವರ ಕಾಲದ 1962ರ ಬೀಟಲ್, 6 ವೋಲ್ಟಿನದು, ಇನ್ನೂ ನಮ್ಮ ಮನೆಯಲ್ಲಿದೆ. ಡಿಸೆಂಬರಿನಲ್ಲಿ ಬೆಳಗಿನ ಹೊತ್ತು ಸ್ಟಾರ್ಟರ್ ಆಕಳಿಸಿದ ಹಾಗೆ ತಿರುಗುತ್ತದೆ. ನೇರವಾಗಿ 12 ವೋಲ್ಟಿನ ಬ್ಯಾಟರಿ ಕಟ್ಟಿಬಿಡಿ ಎಂದು ನಮ್ಮ ಮಿಸ್ತ್ರಿ ಹೇಳುತ್ತಾರೆ. ಸ್ಟಾರ್ಟರ್ ಸುಟ್ಟುಹೋಗುವುದಿಲ್ಲವೇ?
– ಓದುಗರು, ಬೀದರ್

ಉತ್ತರ: ಬೀದರಿನ ಚಳಿ ಕಲಬುರಗಿಯವರಿಗೆ ಅರ್ಥವಾಗುವುದಿಲ್ಲ, ಆದರೆ ನಿಮ್ಮ ಕಾರಿಗೆ ಅರ್ಥವಾಗಿದೆ. ಆ ಕಾಲದ 6 ವೋಲ್ಟಿನ ಸ್ಟಾರ್ಟರಿನ ಶಕ್ತಿ ಅರ್ಧ ಕುದುರೆಶಕ್ತಿಯಷ್ಟೇ. ಅಷ್ಟೇ ಕೆಲಸಕ್ಕೆ 12 ವೋಲ್ಟಿನದಕ್ಕಿಂತ ಎರಡು ಪಟ್ಟು ಆಂಪಿಯರ್ ಬೇಕು. ದಾರಿಯಲ್ಲಿ ಅರ್ಧ ವೋಲ್ಟು ಸೋರಿದರೆ 12ರಲ್ಲಿ ನಾಲ್ಕು ಶೇಕಡಾ ಹೋದಂತೆ, 6ರಲ್ಲಿ ಎಂಟು ಶೇಕಡಾ ಹೋದಂತೆ. ಹಾಗಾಗಿ ಮೊದಲ ಉತ್ತರದಲ್ಲಿ ಹೇಳಿದ ಪಟ್ಟಿ, ಕಂಬ, ತಿಂಬಲ್‌ಗಳ ಸ್ವಚ್ಛತೆ ನಿಮಗೆ ಇಮ್ಮಡಿ ಅನ್ವಯಿಸುತ್ತದೆ. ಕೇಬಲ್ಲನ್ನು ಯಾರಾದರೂ ನಡುವೆ ಬದಲಿಸಿ 12 ವೋಲ್ಟಿನ ಕಾರಿನ ತೆಳ್ಳನೆಯದನ್ನು ಹಾಕಿದ್ದಾರೆಯೇ ನೋಡಿ. ಹಾಕಿದ್ದರೆ ನಿಮ್ಮ ಆಕಳಿಕೆಗೆ ಅದೊಂದೇ ಕಾರಣ ಸಾಕು. ಎಂಜಿನ್ನಿನಲ್ಲಿ ಎಸ್‌ಎಇ 50ರಂಥ ದಪ್ಪ ಆಯಿಲ್ ಇದ್ದರೆ ಚಳಿಗಾಲಕ್ಕೆ ಅದನ್ನು ತೆಗೆಯಿರಿ.

ಈಗ ಮಿಸ್ತ್ರಿಯ ಮಾತು. 6 ವೋಲ್ಟಿನ ಸ್ಟಾರ್ಟರಿಗೆ 12 ವೋಲ್ಟ್ ಕೊಟ್ಟರೆ ಅದು ತಕ್ಷಣ ಸುಡುವುದಿಲ್ಲ. ಎರಡು ಮೂರು ಸೆಕೆಂಡಿನಲ್ಲಿ ಎಂಜಿನ್ ಏಳುವುದಾದರೆ ವರ್ಷಾನುಗಟ್ಟಲೆ ಬಾಳುತ್ತದೆ, ಹಾಗೆ ಓಡಿಸುವವರು ಜಗತ್ತಿನ ಎಲ್ಲ ಕಡೆ ಇದ್ದಾರೆ. ಪಿನಿಯನ್ ಫ್ಲೈವೀಲಿಗೆ ಹೊಡೆಯುವ ರಭಸ ಹೆಚ್ಚುತ್ತದೆ. ಎಂಜಿನ್ ಏಳದಿದ್ದಾಗ ಸಿಟ್ಟಿನಿಂದ ಅರ್ಧ ನಿಮಿಷ ಕೀ ಹಿಡಿದುಕೊಂಡರೆ ಮಾತ್ರ ಸುಡುವ ವಾಸನೆ ಖಂಡಿತ. ಆದರೆ ಸ್ಟಾರ್ಟರಿಗಿಂತ ಉಳಿದದ್ದರ ಚಿಂತೆ ದೊಡ್ಡದು. ಬರೀ ಬ್ಯಾಟರಿ ಬದಲಿಸಿದರೆ ಡೈನಮೊ 6 ವೋಲ್ಟಿನದಾಗಿಯೇ ಉಳಿದು ಹೊಸ ಬ್ಯಾಟರಿ ಚಾರ್ಜೇ ಆಗುವುದಿಲ್ಲ. ಡೈನಮೊ, ಅದರ ವೋಲ್ಟನ್ನು ಹದದಲ್ಲಿಡುವ ಕಟೌಟ್, ಇಗ್ನಿಷನ್ ಕಾಯಿಲ್, ಎಲ್ಲ ಬಲ್ಬುಗಳು, ಇಂಡಿಕೇಟರಿನ ಫ್ಲ್ಯಾಷರ್ ಬದಲಾಗಬೇಕು, ವೈಪರ್ ಮೋಟಾರಿಗೆ ವೋಲ್ಟು ತಗ್ಗಿಸುವ ವ್ಯವಸ್ಥೆ ಬೇಕು. ತಂತಿಗಳನ್ನು ಮಾತ್ರ ಬದಲಿಸಬೇಕಾಗಿಲ್ಲ, 6 ವೋಲ್ಟಿನ ತಂತಿ ದಪ್ಪವಾಗಿಯೇ ಇರುತ್ತದೆ.

ಇಷ್ಟೆಲ್ಲ ಮಾಡಿದರೂ ಸ್ಟಾರ್ಟರನ್ನು ಹಳೆಯದನ್ನೇ ಉಳಿಸಿಕೊಳ್ಳಿ. 6 ವೋಲ್ಟಿನ ಕಾಲದ ಫ್ಲೈವೀಲಿಗೆ 109 ಹಲ್ಲು, 1967ರ ಮಾಡೆಲಿನಿಂದ ರೂಢಿಗೆ ಬಂದ 12 ವೋಲ್ಟಿನ ಕಾರುಗಳದಕ್ಕೆ 130. 12 ವೋಲ್ಟಿನ ಸ್ಟಾರ್ಟರ್ ನಿಮ್ಮ ಫ್ಲೈವೀಲಿಗೆ ಕಚ್ಚುವುದಿಲ್ಲ; 130 ಹಲ್ಲಿನ ಫ್ಲೈವೀಲ್ ಹಾಕಹೋದರೆ ಅದು ದೊಡ್ಡದು, ಗೇರ್‌ಬಾಕ್ಸಿನ ಗೂಡನ್ನು ಒಳಗಿನಿಂದ ಕೆತ್ತಬೇಕಾಗುತ್ತದೆ. ನನ್ನನ್ನು ಕೇಳಿದರೆ, ಅರವತ್ತು ವರ್ಷ ಒಂದೇ ಮನೆಯಲ್ಲಿರುವ ಕಾರನ್ನು 6 ವೋಲ್ಟಿನಲ್ಲೇ ಬಿಡುತ್ತೇನೆ. ಸ್ವಚ್ಛವಾದ ದಾರಿ ಸಿಕ್ಕರೆ ಆ ಅರ್ಧ ಕುದುರೆ ಬೀದರಿನ ಚಳಿಗೆ ಸಾಕು. ಜರ್ಮನಿಯ ಹಿಮದಲ್ಲಿ ಅದು ಇದೇ ಕೆಲಸ ಮಾಡಿದೆ.

ಪ್ರಶ್ನೆ: ಕೀ ತಿರುಗಿಸಿದರೆ ಸೆಲ್ಫ್ ‘ಗುರ್’ ಎಂದು ಜೋರಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಅಲುಗುವುದಿಲ್ಲ. ನಾಲ್ಕನೇ ಗೇರಿನಲ್ಲಿಟ್ಟು ಕಾರನ್ನು ಗೇಣುದ್ದ ಮುಂದೆ ದೂಡಿ, ನ್ಯೂಟ್ರಲ್ ಮಾಡಿ ಮತ್ತೆ ಹೊಡೆದರೆ ಒಮ್ಮೆಗೇ ಹತ್ತುತ್ತದೆ. ಇದು ಬೆಂಡಿಕ್ಸ್ ಹೋದದ್ದೇ?
– ಓದುಗರು, ಯಾದಗಿರಿ

ಉತ್ತರ: ದೂಡಿದ ಮೇಲೆ ಸರಿಹೋಗದಿದ್ದರೆ ಹೌದೆನ್ನುತ್ತಿದ್ದೆ. ಬೆಂಡಿಕ್ಸ್, ಅಂದರೆ ಪಿನಿಯನ್ನಿನ ಒಳಗಿರುವ, ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್, ಜಾರುವುದಾದರೆ ಅದು ಎಲ್ಲ ಜಾಗದಲ್ಲೂ ಜಾರುತ್ತದೆ. ನಿಮ್ಮದರಲ್ಲಿ ಫ್ಲೈವೀಲಿನ ಹಲ್ಲು ಸವೆದಿದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಲ್ಲುವಾಗ ಯಾವುದಾದರೂ ಒಂದು ಸಿಲಿಂಡರಿನ ಒತ್ತಡಕ್ಕೆ ತಡೆದು ನಿಲ್ಲುತ್ತದೆ. ಅರ್ಧ ಸುತ್ತಿಗೊಮ್ಮೆ ಆ ಒತ್ತಡ ಬರುವುದರಿಂದ ಪ್ರತಿ ಸಲವೂ ಅದು ನಿಲ್ಲುವುದು ಎದುರುಬದುರಾದ ಎರಡೇ ಜಾಗಗಳ ಆಸುಪಾಸಿನಲ್ಲಿ. ಐವತ್ತು ವರ್ಷ ಪಿನಿಯನ್ ಬಂದು ಹೊಡೆದದ್ದು ಅದೇ ಎರಡು ಕಡೆಯ ಹಲ್ಲುಗಳಿಗೆ. ದೂಡಿದಾಗ ಒಳ್ಳೆಯ ಹಲ್ಲು ಎದುರಿಗೆ ಬರುತ್ತದೆ.

ಸ್ಟಾರ್ಟರ್ ಬಿಚ್ಚಿ, ಆ ರಂಧ್ರದಲ್ಲಿ ಟಾರ್ಚ್ ಹಾಕಿ, ಡೈನಮೊ ಬೆಲ್ಟಿನ ರಾಟೆಯನ್ನು ಪಾನಾದಿಂದ ನಿಧಾನವಾಗಿ ತಿರುಗಿಸುತ್ತಾ ಒಂದು ಪೂರ್ತಿ ಸುತ್ತಿನ ಹಲ್ಲುಗಳನ್ನು ನೋಡಿ. ಪಾರ್ಲೆ ಬಿಸ್ಕೀಟಿನ ಅಂಚಿನಂತೆ ಮೊಂಡಾದದ್ದು ಕಂಡರೆ ಅನುಮಾನ ಮುಗಿಯಿತು. ಹಲವು ಕಾರುಗಳಲ್ಲಿ ಹಲ್ಲಿನ ಬಳೆಯನ್ನು ಮಾತ್ರ ಕಾಯಿಸಿ ತೆಗೆದು ಹೊಸದು ಕೂರಿಸಬಹುದು; ಬೀಟಲಿನಲ್ಲಿ ಹಲ್ಲನ್ನು ಫ್ಲೈವೀಲಿನ ಮೈಯಲ್ಲೇ ಕಡಿದಿದ್ದಾರೆ, ಇಡೀ ಫ್ಲೈವೀಲೇ ಬದಲಾಗಬೇಕು. ಇದಕ್ಕೆ ಎಂಜಿನ್ ಇಳಿಸಬೇಕು. ಬೀಟಲಿನಲ್ಲಿ ನಾಲ್ಕು ಬೋಲ್ಟು ಬಿಚ್ಚಿದರೆ ಎಂಜಿನ್ ಇಳಿಯುತ್ತದೆ, ಹೆದರುವ ಕೆಲಸವಲ್ಲ. ಹೆದರಬೇಕಾದದ್ದು ಫ್ಲೈವೀಲನ್ನು ಹಿಡಿದಿರುವ 36 ಮಿಲಿಮೀಟರಿನ ಒಂದೇ ನಟ್ಟಿಗೆ. ಅದನ್ನು ಸುಮಾರು 300 ನ್ಯೂಟನ್ ಮೀಟರಿಗೆ ಬಿಗಿಯಬೇಕು, ಅಂದರೆ ಒಂದು ಮೀಟರ್ ಉದ್ದದ ಪೈಪಿನ ತುದಿಗೆ 30 ಕಿಲೋ ಭಾರ. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದು ಬಿಗಿಯುವವರ ಕೈಗೆ ಕೊಡಬೇಡಿ. ನಟ್ಟು ಸಡಿಲಾದರೆ ಫ್ಲೈವೀಲು ಕ್ರ್ಯಾಂಕ್‌ಶಾಫ್ಟಿನ ತುದಿಯನ್ನೇ ತಿಂದುಹಾಕುತ್ತದೆ. ಅದೇ ಸಮಯಕ್ಕೆ ಹಿಂದಿನ ಆಯಿಲ್ ಸೀಲನ್ನು ಬದಲಿಸಿ, ಕ್ರ್ಯಾಂಕ್‌ಶಾಫ್ಟು ಹಿಂದೆಮುಂದೆ ಸರಿಯುವ ಸಡಿಲವನ್ನು ಶಿಮ್ ಎಂಬ ತೆಳು ಬಿಲ್ಲೆಗಳಿಂದ 0.07ರಿಂದ 0.13 ಮಿಲಿಮೀಟರಿನೊಳಗೆ ಹೊಂದಿಸಿಕೊಳ್ಳಬೇಕು. ಅಷ್ಟು ಹಣ ಕೂಡುವವರೆಗೆ ದೂಡಿ ಹೊಡೆಯುತ್ತಿರಿ, ಅದರಿಂದ ಹೊಸ ಹಾನಿಯಿಲ್ಲ. ‘ಗುರ್’ ಎಂದಾಗ ಮಾತ್ರ ಕೀಯನ್ನು ತಕ್ಷಣ ಬಿಡಿ.

ಪ್ರಶ್ನೆ: ಎಂಜಿನ್ ಎದ್ದ ಮೇಲೂ, ಕೀ ಬಿಟ್ಟ ಮೇಲೂ ಸೆಲ್ಫ್ ನಿಲ್ಲದೆ ಕಿರುಚುತ್ತದೆ. ಎರಡು ಸಲ ಹೀಗಾಯಿತು.
– ಓದುಗರು, ಶಹಾಬಾದ್

ಉತ್ತರ: ಮೂರನೆಯ ಸಲಕ್ಕೆ ಕಾಯಬೇಡಿ. ಸೊಲೆನಾಯ್ಡಿನೊಳಗಿನ ತಾಮ್ರದ ಕಾಂಟ್ಯಾಕ್ಟುಗಳು ಕಿಡಿ ಹಾರಿ ಬೆಸೆದುಕೊಂಡಿದ್ದರೆ ಕೀ ಪೂರ್ತಿ ತೆಗೆದರೂ ಸ್ಟಾರ್ಟರ್ ನಿಲ್ಲುವುದಿಲ್ಲ. ಕೀ ಸ್ವಿಚ್ಚಿನ ಸ್ಪ್ರಿಂಗು ದಣಿದು ಹಿಂದಕ್ಕೆ ಬಾರದಿದ್ದರೆ ಕೀಯನ್ನು ಕೈಯಿಂದ ಹಿಂದಕ್ಕೆ ತಿರುಗಿಸಿದಾಗ ನಿಲ್ಲುತ್ತದೆ. ಇವೆರಡರಲ್ಲಿ ಯಾವುದೆಂದು ಅಷ್ಟರಿಂದಲೇ ತಿಳಿಯುತ್ತದೆ. ಶಹಾಬಾದಿನ ಕಲ್ಲಿನ ಪುಡಿ ಪಿನಿಯನ್ ಜಾರುವ ಹರಿಗಳಲ್ಲಿ ಗ್ರೀಸಿನೊಂದಿಗೆ ಸೇರಿ ಗಾರೆಯಂತಾಗುವುದೂ ಉಂಟು. ಪೆಟ್ರೋಲಿನಲ್ಲಿ ತೊಳೆದು ತೀರ ತೆಳುವಾಗಿ ಎಣ್ಣೆ ಸವರಿದರೆ ಸಾಕು, ಅಲ್ಲಿಗೆ ಗ್ರೀಸ್ ಮೆತ್ತಬೇಡಿ. ಸದ್ಯ ಮೈನಸ್ ಕಂಬಕ್ಕೆ ತಿರುಗಿಸಿ ಕಡಿಯುವ ಒಂದು ಬ್ಯಾಟರಿ ಸ್ವಿಚ್ ಹಾಕಿಸಿ. ಹಿಂದಿನ ಸೀಟು ಎತ್ತಿ, ಪಾನಾ ಹುಡುಕಿ, ಕ್ಲ್ಯಾಂಪ್ ಬಿಚ್ಚುವಷ್ಟರಲ್ಲಿ ಸ್ಟಾರ್ಟರಿನ ಜೊತೆ ತಂತಿಯೂ ಉರಿದಿರುತ್ತದೆ.

ಪ್ರಶ್ನೆ: ಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲಿಸಿ ಬಂದರೆ ಸೆಲ್ಫ್ ಚುರುಕಾಗಿಯೇ ತಿರುಗಿಸುತ್ತದೆ, ಎಂಜಿನ್ ಮಾತ್ರ ಹತ್ತುವುದಿಲ್ಲ. ದಿನಾ ತಳ್ಳಿ ಹತ್ತಿಸಿದರೆ ಎಂಜಿನ್ನಿಗೆ ತೊಂದರೆಯೇ?
– ಓದುಗರು, ಹುಮನಾಬಾದ್

ಉತ್ತರ: ಚುರುಕಾಗಿ ತಿರುಗಿಸುವ ಸ್ಟಾರ್ಟರ್ ತನ್ನ ಕೆಲಸ ಮಾಡಿದೆ, ಅದನ್ನು ಬಿಟ್ಟುಬಿಡಿ. ಒಂದು ಪ್ಲಗ್ಗಿನ ತಂತಿ ತೆಗೆದು ಕಿಡಿ ನೋಡಿ. ಕಿಡಿ ಸಣಕಲಾಗಿ ಹಳದಿಯಾಗಿದ್ದರೆ ಕಂಡೆನ್ಸರ್ ಅಥವಾ ಇಗ್ನಿಷನ್ ಕಾಯಿಲ್ ಬಿಸಿಗೆ ಸೋಲುತ್ತಿದೆ. ಕಿಡಿ ಗಟ್ಟಿಯಾಗಿ ನೀಲಿಯಾಗಿದ್ದರೆ ಪಂಪಿನಲ್ಲೋ ಪೈಪಿನಲ್ಲೋ ಪೆಟ್ರೋಲು ಆವಿಯಾಗಿ ಕುಳಿತಿದೆ. ಒದ್ದೆ ಬಟ್ಟೆಯನ್ನು ಪಂಪಿಗೆ ಸುತ್ತಿ ಐದು ನಿಮಿಷ ಬಿಟ್ಟು ಹೊಡೆದರೆ ಹತ್ತುತ್ತದೆ. ಪಂಪಿನ ಕೆಳಗಿರಬೇಕಾದ ಬೇಕಲೈಟ್ ದಿಮ್ಮಿಯನ್ನು ಯಾರಾದರೂ ತೆಗೆದಿದ್ದಾರೆಯೇ, ಎಂಜಿನ್ ಸುತ್ತಲಿನ ತಗಡು, ರಬ್ಬರ್ ಪಟ್ಟಿಗಳು ಎಲ್ಲವೂ ಇವೆಯೇ ನೋಡಿ. ಹಳ್ಳಿಯ ಮಿಸ್ತ್ರಿಗಳು ‘ಗಾಳಿ ಆಡಲಿ’ ಎಂದು ಆ ತಗಡು ಕಳಚಿಡುತ್ತಾರೆ. ಆದರೆ ಅವು ಸೈಲೆನ್ಸರಿನ ಬಿಸಿಗಾಳಿ ಮೇಲೇರದಂತೆ ತಡೆಯಲೆಂದೇ ಇರುವಂಥವು.

ತಳ್ಳುವುದರಿಂದ ಎಂಜಿನ್ನಿಗೆ ಹಾನಿಯಿಲ್ಲ. ಕೀ ಹಾಕಿ, ಎರಡನೇ ಗೇರಿನಲ್ಲಿಟ್ಟು, ಕ್ಲಚ್ ಒತ್ತಿ ಹಿಡಿದು, ಕಾರು ವೇಗ ಹಿಡಿದ ಮೇಲೆ ಒಮ್ಮೆಗೇ ಬಿಡಿ. ಮೊದಲ ಗೇರಿನಲ್ಲಿ ಚಕ್ರ ಕಚ್ಚಿ ಎಳೆಯುತ್ತದೆ. ಆಟೊಮ್ಯಾಟಿಕ್ ಸ್ಟಿಕ್‌ಶಿಫ್ಟಿನಲ್ಲಿ ಕ್ಲಚ್ ಪೆಡಲ್ ಇಲ್ಲದ್ದರಿಂದ ಅದಕ್ಕೆ ಈ ವಿಧಾನ ಒಗ್ಗುವುದಿಲ್ಲ. ತಳ್ಳುವವರಿಗೆ ಹಿಂದಿನ ಎಂಜಿನ್ ಮುಚ್ಚಳದ ಮೇಲೆ ಕೈ ಊರದೆ ಎರಡೂ ಬದಿಯ ಮಡ್ಗಾರ್ಡಿನ ಬುಡಕ್ಕೆ ಕೈ ಕೊಡಲು ಹೇಳಿ, ಆ ಮುಚ್ಚಳದ ತಗಡು ಬೇಗ ತಗ್ಗು ಬೀಳುತ್ತದೆ.